ವಾರ್ಡಿನೊಳಗಿನ ಸಿದ್ಧಾಂತ

ನರ್ಸಿಂಗ್ ಓದುವವರ ನಡುವೆ ಒಂದು ಮಾತು ಬೇರೂರಿದೆ: ಒರೆಮ್, ಹೆಂಡರ್ಸನ್, ಲೈನಿಂಜರ್ ಅವರ ಶುಶ್ರೂಷಾ ಸಿದ್ಧಾಂತಗಳೆಲ್ಲ ಪರೀಕ್ಷೆಗೆ, ವಾರ್ಡಿಗೆ ಬೇಕಾದದ್ದು ಪಳಗಿದ ಕೈ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕು ಊರುಗಳ ಆಸ್ಪತ್ರೆಯಲ್ಲಿ ಒಂದು ಪಾಳಿ ಮುಗಿಸಿದವರಿಗೆ ಈ ಮಾತು ನಿಜವೆನ್ನಿಸಿದರೆ ಆಶ್ಚರ್ಯವಿಲ್ಲ. ಒಂದು ಕಡೆ ಸಲೈನ್ ಮುಗಿಯುತ್ತಿರುತ್ತದೆ, ಇನ್ನೊಂದು ಕಡೆ ಹೆರಿಗೆ ನೋವಿನವಳು ಬಂದಿರುತ್ತಾಳೆ. ಆದರೂ ನಾನು ಈ ಮಾತನ್ನು ಒಪ್ಪುವುದಿಲ್ಲ. ಬಿಡುವಿಲ್ಲದ ಕಡೆಯೇ ಸಿದ್ಧಾಂತ ಹೆಚ್ಚು ಬೇಕು. ಮೊದಲು ಯಾವುದನ್ನು ಮಾಡಬೇಕು, ಯಾವುದನ್ನು ರೋಗಿಗೇ ಬಿಡಬೇಕು, ಮನೆಯವರಿಗೆ ಏನು ಕಲಿಸಬೇಕು ಎಂದು ಅದು ತೋರಿಸಿಕೊಡುತ್ತದೆ.

ಅಷ್ಟಕ್ಕೂ ಸಿದ್ಧಾಂತವಿಲ್ಲದೆ ಯಾರೂ ಕೆಲಸ ಮಾಡುವುದಿಲ್ಲ. ರೋಗಿ ಸುಮ್ಮನೆ ಮಲಗಿರಬೇಕು, ಕೊಟ್ಟ ಗುಳಿಗೆ ನುಂಗಬೇಕು ಎಂದುಕೊಂಡವರದೂ ಒಂದು ಸಿದ್ಧಾಂತವೇ, ಯಾರೂ ಒರೆಗೆ ಹಚ್ಚದ ಸಿದ್ಧಾಂತ. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ಗಾಳಿ, ಬೆಳಕು, ಶುದ್ಧ ನೀರು, ಸದ್ದಿಲ್ಲದ ವಾತಾವರಣಗಳನ್ನೇ ಶುಶ್ರೂಷೆಯ ಅಡಿಪಾಯ ಎಂದರು. ಬಿಸಿಲು 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಯಾವ ಹಾಸಿಗೆ ಬಿಸಿಲ ಕಿಟಕಿಗೆ ಒಡ್ಡಿಕೊಂಡಿದೆ, ಮುದುಕರ ಕೈಗೆಟಕುವಂತೆ ನೀರಿನ ತಂಬಿಗೆ ಇದೆಯೇ ಎಂದು ನೋಡುವ ಸಿಸ್ಟರ್ ನೈಟಿಂಗೇಲರ ಕೆಲಸವನ್ನೇ ಮಾಡುತ್ತಿದ್ದಾರೆ.

ಡೊರೊಥಿಯಾ ಒರೆಮ್ ಅವರ ವಿಚಾರವಂತೂ ಈ ಸೀಮೆಗೆಂದೇ ಹೇಳಿದಂತಿದೆ. ಅವರ ಪುಸ್ತಕ ಬಂದದ್ದು 1971ರಲ್ಲಿ. ಮನುಷ್ಯ ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳುತ್ತಾನೆ, ಅದು ಸಾಲದೆ ಹೋದಲ್ಲಿ ಮಾತ್ರ ನರ್ಸ್ ಕೈಹಾಕಬೇಕು ಎಂಬುದು ಅದರ ತಿರುಳು. ಪ್ರಜ್ಞೆ ತಪ್ಪಿದವನಿಗೆ ಎಲ್ಲವನ್ನೂ ಮಾಡಬೇಕು, ಅರ್ಧ ಚೇತರಿಸಿಕೊಂಡವನ ಜೊತೆ ಹಂಚಿಕೊಂಡು ಮಾಡಬೇಕು, ಮನೆಗೆ ಹೊರಟವನಿಗೆ ಕಲಿಸಿ ಕಳಿಸಬೇಕು. ಈ ತಾಲ್ಲೂಕುಗಳ ತಾಂಡಾಗಳಿಂದ, ಹಳ್ಳಿಗಳಿಂದ ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರಿದ್ದಾರೆ. ಅವರಲ್ಲೊಬ್ಬರಿಗೆ ಶುಗರ್ ಇದೆ, ಇನ್ಸುಲಿನ್ ಬರೆದಿದೆ ಎಂದುಕೊಳ್ಳಿ. “ಫ್ರಿಜ್ಜಿನಲ್ಲಿಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ” ಎಂದು ಹೇಳಿ ಚೀಟಿ ಕೊಟ್ಟರೆ ಆ ಮಾತು ಕಬ್ಬಿನ ಗದ್ದೆಯ ಗುಡಿಸಲನ್ನು ತಲುಪುವುದಿಲ್ಲ. ಒರೆಮ್ ಅವರನ್ನು ಅರ್ಥಮಾಡಿಕೊಂಡ ಸಿಸ್ಟರ್ ಬೇರೆ ಪ್ರಶ್ನೆ ಕೇಳುತ್ತಾರೆ: ಗುಡಿಸಲಿನಲ್ಲಿ ಮಣ್ಣಿನ ಮಡಿಕೆ ಇದೆಯೇ? ಎರಡು ಮಡಿಕೆಗಳ ನಡುವೆ ಹಸಿ ಮರಳು ತುಂಬಿ ಔಷಧಿ ತಂಪಾಗಿಡಬಹುದು. ನಸುಕಿನಲ್ಲಿ ಗದ್ದೆಗಿಳಿಯುವ ಮೊದಲು ರೊಟ್ಟಿ ತಿನ್ನಲಾಗುತ್ತದೆಯೇ? ತಲೆ ತಿರುಗಿ ಬೆವರು ಕಿತ್ತರೆ ಬಾಯಿಗೆ ಹಾಕಿಕೊಳ್ಳಲು ಕಿಸೆಯಲ್ಲಿ ಬೆಲ್ಲದ ಚೂರು ಇರುತ್ತದೆಯೇ? ಸಂಜೆ ಅಂಗಾಲು ನೋಡುವವರು ಯಾರು? ಹತ್ತು ನಿಮಿಷದ ಈ ಮಾತು ಒಂದು ಕಾಲನ್ನು ಉಳಿಸಬಹುದು.

ಬಾಣಂತಿಯರ ವಾರ್ಡಿನಲ್ಲಿ ಮೆಡಲಿನ್ ಲೈನಿಂಜರ್ ನೆನಪಾಗುತ್ತಾರೆ. ಮಾನವಶಾಸ್ತ್ರವನ್ನೂ ಓದಿದ್ದ ಈ ನರ್ಸ್ ಜನರ ರೂಢಿಗಳನ್ನು ಮೂರು ಬಗೆಯಲ್ಲಿ ನೋಡಲು ಹೇಳಿದರು: ಕೆಲವನ್ನು ಉಳಿಸಿ, ಕೆಲವಕ್ಕೆ ಹೊಂದಿಕೊಳ್ಳಿ, ಕೆಲವನ್ನು ಜನರೊಡನೆ ಮಾತಾಡಿ ಬದಲಿಸಿ. ಬಾಣಂತಿಯ ಎಣ್ಣೆ-ನೀರು, ಮೈತಿಕ್ಕುವ ಅಜ್ಜಿಯ ಅಕ್ಕರೆ ಉಳಿಯಲಿ. ಕೂಸಿನ ಕುಂಚಿಗೆ ಚಳಿಗಾಲಕ್ಕೆ ಸರಿ, ಮೇ ತಿಂಗಳ ಧಗೆಯಲ್ಲಿ ಸಡಿಲಿಸಲಿ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಕೂಸಿನ ನಾಲಿಗೆಗೆ ಜೇನು ಸವರುವುದು ಮಾತ್ರ ನಿಲ್ಲಬೇಕು. ಮೂರನ್ನೂ ಒಂದೇ ಗಂಟಿಗೆ ಕಟ್ಟಿ “ಮೂಢನಂಬಿಕೆ” ಎಂದು ಗದರಿದರೆ ಅತ್ತೆ ಆಸ್ಪತ್ರೆಯಲ್ಲಿ ತಲೆಯಾಡಿಸುತ್ತಾಳೆ, ಮನೆಗೆ ಹೋದ ಮೇಲೆ ತನ್ನದೇ ನಡೆಸುತ್ತಾಳೆ.

ಐಡಾ ಜೀನ್ ಒರ್ಲಾಂಡೊ 1961ರಲ್ಲಿ ಹೇಳಿದ್ದು ಇನ್ನೂ ಸರಳ: ರೋಗಿಯ ನಡವಳಿಕೆಗೆ ನೀವೇ ಅರ್ಥ ಕಟ್ಟಬೇಡಿ, ಕೇಳಿ ಖಚಿತಪಡಿಸಿಕೊಳ್ಳಿ. ಇಂಜೆಕ್ಷನ್ ಒಲ್ಲೆ ಎನ್ನುವ ಮುದುಕಿಯನ್ನು ಹಟಮಾರಿ ಎಂದು ಕೇಸ್ ಶೀಟಿನಲ್ಲಿ ಬರೆಯುವ ಮೊದಲು, “ಯಾಕ ಯವ್ವಾ, ಸೂಜಿಗೆ ಅಂಜಿಕಿ ಬರ್ತೈತೇನು, ಬ್ಯಾರೆ ಏನರ ಐತೋ?” ಎಂದು ಕೇಳಬೇಕು. ಮನೆಯಲ್ಲಿ ಕಟ್ಟಿಹಾಕಿ ಬಂದ ಎಮ್ಮೆಯ ಚಿಂತೆ ಆಕೆಗಿರಬಹುದು, ಖರ್ಚಿನ ಭಯವಿರಬಹುದು.

ಈ ಸಿದ್ಧಾಂತಗಳಿಗೂ ಮಿತಿಯಿದೆ. ಹೆಚ್ಚಿನವು ಅಮೆರಿಕದಲ್ಲಿ ಹುಟ್ಟಿದವು, ಒಬ್ಬ ರೋಗಿ, ಒಬ್ಬ ನರ್ಸ್ ಎಂಬ ಚಿತ್ರ ಅವುಗಳ ಹಿಂದಿದೆ. ನಮ್ಮಲ್ಲಿ ಹಾಸಿಗೆಯ ಪಕ್ಕ ಮಗಳೋ ಸೊಸೆಯೋ ಅಣ್ಣನೋ ಕೂತಿರುತ್ತಾರೆ, ಅರ್ಧ ಶುಶ್ರೂಷೆ ಅವರದೇ. ಅವರನ್ನು “ಹೊರಗ ಹೋಗ್ರಿ” ಎಂದು ಓಡಿಸುವುದಕ್ಕಿಂತ ಆರೈಕೆಯ ಪಾಲುದಾರರೆಂದು ಲೆಕ್ಕಕ್ಕೆ ಹಿಡಿಯುವುದು ನಮ್ಮ ನೆಲದ ತಿದ್ದುಪಡಿ. ಸಿಬ್ಬಂದಿ ಕೊರತೆಯನ್ನು ಯಾವ ಸಿದ್ಧಾಂತವೂ ತುಂಬುವುದಿಲ್ಲ, ಅದನ್ನು ತುಂಬಬೇಕಾದದ್ದು ಸರ್ಕಾರ.

ಈ ಭಾಗದ ನರ್ಸಿಂಗ್ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಒರೆಮ್ ಸಿದ್ಧಾಂತವನ್ನು ವಿವರಿಸಿ ಎಂದು ಕೇಳುವುದನ್ನು ಬಿಡಿ. ಗುಳೆ ಹೊರಟ ಸಕ್ಕರೆ ಕಾಯಿಲೆಯವನನ್ನು ಡಿಸ್ಚಾರ್ಜ್ ಮಾಡುವಾಗ ಏನೇನು ಕೇಳುತ್ತೀರಿ, ಏನು ಕಲಿಸುತ್ತೀರಿ ಎಂದು ಕೇಳಿ. ಅಂಕವನ್ನು ಆ ಉತ್ತರಕ್ಕೆ ಕೊಡಿ.