ರಟ್ಟಿನ ಎಲೆಯ ಕಾಳಸಂತೆ

ಇಸ್ಪೀಟಾಟ ಬಿಟ್ಟು ಇಪ್ಪತ್ತು ವರ್ಷವಾದವನು ಮತ್ತೆ ಆಡಲು ಕುಳಿತರೆ ಅವನಿಗೆ ತಗಲುವ ಖರ್ಚೆಷ್ಟು? ಬೀದಿ ಮೂಲೆಯ ಅಂಗಡಿಯಲ್ಲಿ ಒಂದು ಕಟ್ಟಿನ ಬೆಲೆ. ಅಟ್ಟದ ಮೇಲಿನ ಹಳೆಯ ಕಟ್ಟನ್ನು ಇಲಿ ತಿನ್ನದೆ ಬಿಟ್ಟಿದ್ದರೆ ಅದೂ ಇಲ್ಲ. ಅಂದೂ 52 ಎಲೆ, ಇಂದೂ 52 ಎಲೆ. ಅಂದಿನ ರಾಜ ಇಂದೂ ರಾಜನೇ.

ಅಮೆರಿಕದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹಬ್ಬಿರುವ ಇನ್ನೊಂದು ಎಲೆಯಾಟವಿದೆ. ಅದರ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಶಾಲೆಯಲ್ಲಿದ್ದಾಗ ಅದನ್ನಾಡಿ, ಆಮೇಲೆ ನೌಕರಿ, ಸಂಸಾರ ಎಂದು ಬಿಟ್ಟು, ನಲವತ್ತರ ಅಂಚಿನಲ್ಲಿ ಮತ್ತೆ ಆಸೆಪಟ್ಟು ಅಂಗಡಿ ಮೆಟ್ಟಿಲು ಹತ್ತುವವರು ಅಲ್ಲಿನ ದುಡಿಯುವ ಜನರಲ್ಲಿ ಬಹಳ ಮಂದಿ. ಅವರ ಮೇಲೆ ಬೀಳುವ ದಂಡದ ಲೆಕ್ಕವನ್ನು ನಮ್ಮ ಗಿರಣಿಯ ಊರಿನವರೂ ಒಮ್ಮೆ ನೋಡಬೇಕು. ಸಕ್ಕರೆ, ಸೀಮೆಎಣ್ಣೆಗಳ ಕೃತಕ ಅಭಾವವನ್ನು ಕಂಡ ಹಿರಿಯರಿಗೆ ಇದರ ಮರ್ಮ ತಿಳಿಯಲು ತಡವಾಗದು.

1993ರಲ್ಲಿ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡರು ಈ ಆಟವನ್ನು ರಚಿಸಿದರು. ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಪುಟ್ಟ ಕಂಪನಿ ಅವರಿಂದ ಕೇಳಿದ್ದು, ಅಗ್ಗವಾಗಿ ತಯಾರಿಸಬಹುದಾದ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಒಂದು ಆಟವನ್ನು. ಆಟವೇನೋ ಒಳ್ಳೆಯದೇ. ಬುದ್ಧಿಗೆ ಕಸರತ್ತು ಕೊಡುವ ಆಟವೆಂದು ಒಪ್ಪಲೇಬೇಕು. ಆದರೆ ಅದರ ಎಲೆಗಳನ್ನು ಮಾರುವ ರೀತಿ ನೋಡಿರಿ. ಮೊದಲಿನಿಂದಲೂ ಬಾಯಿ ಮುಚ್ಚಿದ ಪೊಟ್ಟಣದಲ್ಲಿ ಮಾರಾಟ. ಆರಂಭದಲ್ಲಿ ಒಂದು ಪೊಟ್ಟಣಕ್ಕೆ 15 ಎಲೆಗಳಿರುತ್ತಿದ್ದವು. ಅವುಗಳಲ್ಲಿ 11 ಸಾಮಾನ್ಯ, 3 ಅದಕ್ಕಿಂತ ವಿರಳ, ಒಂದೇ ಒಂದು ಅಪರೂಪದ್ದು. ಒಳಗೇನಿದೆಯೆಂದು ಹಣ ಕೊಟ್ಟು ಹರಿದ ಮೇಲಷ್ಟೇ ಗೊತ್ತಾಗುತ್ತದೆ. ಅಪರೂಪದ ಎಲೆಗೂ ಸಾಮಾನ್ಯ ಎಲೆಗೂ ಅದೇ ರಟ್ಟು, ಅದೇ ಶಾಯಿ. ಛಾಪಾಖಾನೆಯ ಕೆಲಸಗಾರನ ಬೆವರಿನಲ್ಲೂ ವ್ಯತ್ಯಾಸವಿಲ್ಲ. ಎಷ್ಟು ಮುದ್ರಿಸಬೇಕೆಂಬ ಧನಿಯ ನಿರ್ಧಾರದಲ್ಲಿ ಮಾತ್ರ ವ್ಯತ್ಯಾಸ.

2008ರಲ್ಲಿ ಅಪರೂಪಕ್ಕಿಂತ ಅಪರೂಪವೆಂಬ ಇನ್ನೊಂದು ದರ್ಜೆ ಬಂತು. ಆಗ ಸುಮಾರು 8 ಪೊಟ್ಟಣಕ್ಕೊಂದರಂತೆ ಸಿಗುತ್ತಿದ್ದ ಎಲೆಗಳಿವು. ಆ ವರ್ಷದ ಒಂದು ಕಂತಿನಲ್ಲಿ ಇಂಥವು 15 ಇದ್ದವು. ಆಟದ ನಿಯಮದಂತೆ ಕನಿಷ್ಠ 60 ಎಲೆಗಳ ಕಟ್ಟಿನಲ್ಲಿ ಒಂದೇ ಎಲೆಯ ನಾಲ್ಕು ಪ್ರತಿ ಇಟ್ಟುಕೊಳ್ಳಬಹುದು. ಗೆಲ್ಲಬೇಕೆನ್ನುವವನು ನಾಲ್ಕನ್ನೂ ಇಟ್ಟುಕೊಳ್ಳುತ್ತಾನೆ. ಸರಿ, ಲೆಕ್ಕ ಹಾಕಿ. ಬೇಕಾದ ಆ ಒಂದು ಎಲೆ ಸರಾಸರಿ 120 ಪೊಟ್ಟಣಕ್ಕೊಮ್ಮೆ ಸಿಗುತ್ತದೆ; ನಾಲ್ಕು ಬೇಕೆಂದರೆ 480 ಪೊಟ್ಟಣ. ಆಗ ಪೊಟ್ಟಣಕ್ಕೆ ಸುಮಾರು 4 ಡಾಲರು. ಒಟ್ಟು 1,900 ಡಾಲರಿಗೂ ಮೇಲೆ, ನಾಲ್ಕು ರಟ್ಟಿನ ಚೂರಿಗೆ! ಹೀಗೆ ಯಾರೂ ಕೊಳ್ಳುವುದಿಲ್ಲ, ಬಿಡಿ ಎಲೆಯನ್ನೇ ಮಾರುವವರಿದ್ದಾರಲ್ಲ ಎನ್ನಬಹುದು. ನಿಜ. ಆದರೆ ಬಿಡಿ ಎಲೆಯ ಬೆಲೆ ನಿಂತಿರುವುದು ಈ ಲೆಕ್ಕದ ಮೇಲೆಯೇ. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿ ನಿಲ್ಲಿಸಿದಾಗ ಎಷ್ಟು ಮನೆಗಳ ಹೆಂಗಸರು ನಿಟ್ಟುಸಿರು ಬಿಟ್ಟರೆಂಬುದು ನಮಗೆ ನೆನಪಿದೆ. ಹೆಸರು ಬೇರೆಯಾದರೂ ಇದೂ ಅದೇ ಜಾತಿಯದು.

ಹಾಗಾದರೆ ಮರಳಿ ಬಂದವನ ಪೆಟ್ಟಿಗೆಯಲ್ಲಿರುವ ಹಳೆಯ ಎಲೆಗಳ ಗತಿಯೇನು? 1995ರಲ್ಲಿ ಕಂಪನಿ ಹೊಸ ಕಂತುಗಳ ಎಲೆಗಳಿಗಷ್ಟೇ ಅವಕಾಶವಿರುವ ಒಂದು ಪಂದ್ಯವಿಧಾನ ಹೂಡಿತು. ಅಲ್ಲಿ ಎಲೆಗಳಿಗೆ ಆಯುಸ್ಸುಂಟು. ಬಹುಕಾಲ ಅದು ಸುಮಾರು ಎರಡು ವರ್ಷವಾಗಿತ್ತು, 2023ರಿಂದ ಮೂರು. ಅವಧಿ ಮುಗಿದ ಎಲೆ ಅಲ್ಲಿ ಚಲಾವಣೆಯಿಲ್ಲದ ನಾಣ್ಯ. 2025ನೇ ಇಸವಿಯೊಂದರಲ್ಲೇ ಈ ವಿಧಾನಕ್ಕೆ ಆರು ಹೊಸ ಕಂತುಗಳು ಬಂದವು. ಸಂಬಳ ತಿಂಗಳಿಗೊಮ್ಮೆ ಬರುವವನು ಇದರ ಬೆನ್ನು ಹತ್ತುವುದು ಹೇಗೆ?

ಹಳೆಯ ಎಲೆ ಒಪ್ಪುವ ಪಂದ್ಯಗಳೂ ಇವೆ. ಅಲ್ಲಿ ಎದುರಾಗುವುದು ಇನ್ನೊಂದು ಗೋಡೆ. 1995ರಲ್ಲಿ ಕಂಪನಿ ಹಳೆಯ ಎಲೆಗಳನ್ನು ಧಾರಾಳವಾಗಿ ಮರುಮುದ್ರಿಸಿತು. ಆಟಗಾರರಿಗೆ ಅದು ಹಬ್ಬ. ಆದರೆ ದಾಸ್ತಾನು ಮಾಡಿದ್ದವರು ಬೊಬ್ಬೆ ಹಾಕಿದರು. 1996ರಲ್ಲಿ ಕಂಪನಿ ಅವರಿಗೆ ಶರಣಾಗಿ, ಇಂತಿಂಥ ಎಲೆಗಳನ್ನು ಇನ್ನು ಮುಂದೆ ಮುದ್ರಿಸುವುದಿಲ್ಲವೆಂದು ಪಟ್ಟಿ ಮಾಡಿ ಮಾತು ಕೊಟ್ಟಿತು. ಆ ಮಾತು ಇಂದಿಗೂ ನಡೆಯುತ್ತಿದೆ. ಎರಡು ಬಣ್ಣದ ಶಕ್ತಿ ಕೊಡುವ ಹತ್ತು ‘ಜೋಡಿ ನೆಲ’ಗಳು 1994ರಲ್ಲಿ ಹುಡುಗರ ಜೇಬಿನಲ್ಲಿರುತ್ತಿದ್ದವು; ಇಂದು ಒಂದೊಂದಕ್ಕೆ ನೂರಾರು ಡಾಲರು. ಧಾನ್ಯವನ್ನು ಉಗ್ರಾಣದಲ್ಲಿ ಬಚ್ಚಿಟ್ಟ ವರ್ತಕನಿಗೆ, ‘ಹೆದರಬೇಡಿ, ಇನ್ನು ಯಾರೂ ಬಿತ್ತದಂತೆ ನೋಡಿಕೊಳ್ಳುತ್ತೇವೆ’ ಎಂದು ಬರೆದುಕೊಟ್ಟಂತಾಯಿತಲ್ಲವೆ ಇದು!

ಸಮಾಜವಾದಿಗಳಿಗೆ ಆಟದ ಗೊಡವೆ ಏಕೆ, ಅನ್ನದ ಮಾತಾಡಿ ಎಂದು ಕೆಲವು ಮಿತ್ರರು ಗದರಿಯಾರು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿಶ್ರಾಂತಿ, ಉಳಿದ ಎಂಟು ಗಂಟೆ ನಮ್ಮದು ಎಂದು ಕಾರ್ಮಿಕರು ಹೋರಾಡಿದ್ದು ಆ ಕೊನೆಯ ಎಂಟಕ್ಕೂ ಅಲ್ಲವೆ? ಅದರ ಮೇಲೂ ಬಂಡವಾಳಗಾರ ಸುಂಕ ಹೇರಿದರೆ ಕೇಳದಿರುವುದು ಹೇಗೆ?

ಈ ಆಟವನ್ನು ಬೆಳೆಸಿದವರು ಚಿಕ್ಕ ಅಂಗಡಿಯವರು. ಸಂಜೆ ಮೇಜು ಹಾಕಿ, ದೀಪ ಉರಿಸಿ, ಹುಡುಗರನ್ನು ಕೂರಿಸಿ ಆಡಿಸಿದವರು. 1999ರಲ್ಲಿ ಹ್ಯಾಸ್‌ಬ್ರೊ ಎಂಬ ಆಟಿಕೆಗಳ ದೊಡ್ಡ ಕಂಪನಿ ಈ ಕಂಪನಿಯನ್ನೇ ಕೊಂಡಿತು. 2019ರಿಂದ ವಿಶೇಷ ಎಲೆಗಳನ್ನು ಅಂಗಡಿಯವನ ತಲೆಯ ಮೇಲಿಂದ ನೇರವಾಗಿ ಗಿರಾಕಿಗೇ ಮಾರತೊಡಗಿತು. 2022ರಲ್ಲಿ, ಮೂವತ್ತನೆಯ ವರ್ಷದ ಹೆಸರಿನಲ್ಲಿ, 4 ಪೊಟ್ಟಣಕ್ಕೆ 999 ಡಾಲರು ಬೆಲೆ ಕಟ್ಟಿತು. ಒಟ್ಟು 60 ಎಲೆ. ಅಧಿಕೃತ ಪಂದ್ಯದಲ್ಲಿ ಅವನ್ನು ಆಡುವಂತೆಯೂ ಇಲ್ಲ! ಆ ವರ್ಷ ಈ ಒಂದು ಆಟದ ವಹಿವಾಟು 100 ಕೋಟಿ ಡಾಲರು ಮುಟ್ಟಿತು.

ಆ ಹಣ ಯಾರ ಕೈ ಸೇರಿತೋ, ದುಡಿದವರ ಕೈ ಸೇರಲಿಲ್ಲವೆಂಬುದಂತೂ ಸ್ಪಷ್ಟ. 2023ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಬ್ಬಕ್ಕೆ ಎರಡು ವಾರವಿರುವಾಗ, ಹ್ಯಾಸ್‌ಬ್ರೊ ಸುಮಾರು 1,100 ಕೆಲಸಗಳಿಗೆ ಕತ್ತರಿ ಹಾಕುವುದಾಗಿ ಸಾರಿತು. ಆಟಿಕೆಗಳ ಮಾರಾಟ ಕುಸಿದಿದೆಯೆಂಬುದು ಕೊಟ್ಟ ಕಾರಣ. ಲಾಭ ತರುತ್ತಿದ್ದ ಎಲೆಯಾಟದ ವಿಭಾಗದವರೂ ಅದರಲ್ಲಿ ಮನೆಗೆ ಹೋದರು.

ಕೇಳಬೇಕಾದ್ದು ಬಹಳವೇನೂ ಇಲ್ಲ. ಪೊಟ್ಟಣದ ಬಾಯಿ ತೆರೆದು, ಬೇಕಾದ ಎಲೆಯನ್ನು ಬೇಕಾದಷ್ಟು, ನಿಗದಿಯಾದ ಬೆಲೆಗೆ ಮಾರಲಿ. 1996ರ ಪಟ್ಟಿಯನ್ನು ಹರಿದು ಹಾಕಲಿ. ದಾಸ್ತಾನುಗಾರನಿಗೆ ನಷ್ಟವಾಗುವುದಾದರೆ ಆಗಲಿ. ಆಟವಾಡಲು ಎಲೆ ಕೊಂಡವನಿಗೆ ಅದರಿಂದ ಯಾವ ನಷ್ಟವೂ ಇಲ್ಲ. ಅಲ್ಲಿಯವರೆಗೆ ಮರಳಿ ಬಂದವನಿಗೆ ಒಂದು ದಾರಿಯಿದೆ. ಕಾಗದದ ಚೀಟಿಯ ಮೇಲೆ ಎಲೆಯ ಹೆಸರು ಬರೆದು, ಹಳೆಯ ಎಲೆಗೆ ಸಿಕ್ಕಿಸಿ, ಗೆಳೆಯರ ಮನೆಯಲ್ಲಿ ಆಡುವುದು. ವ್ಯಾಪಾರಕ್ಕಲ್ಲದೆ ಸ್ವಂತ ಆಟಕ್ಕೆ ಹಾಗೆ ಮಾಡಿದರೆ ತಾನು ಪೊಲೀಸನಂತೆ ಬೆನ್ನು ಹತ್ತುವುದಿಲ್ಲವೆಂದು ಕಂಪನಿಯೇ 2016ರಲ್ಲಿ ಹೇಳಿದೆ. ಚೀಟಿಗೆ ಬೇಕಾಗುವುದು ಒಂದು ಪೆನ್ಸಿಲು.