ಎರಡು ವರ್ಷ ಸಂಗೀತ ಬಂದ್

ಪಿಯು ಪ್ರವೇಶದ ಹಂಗಾಮು ಬಂತೆಂದರೆ ಪತ್ರಿಕೆಯ ಮುಖಪುಟ ಹುಡುಕಲು ಮೂರು ಪುಟ ಮಗುಚಬೇಕು. ಸಾಲುಸಾಲು ಪಾಸ್‌ಪೋರ್ಟ್ ಅಳತೆಯ ಮುಖಗಳು, ಕೆಳಗೆ ರ‍್ಯಾಂಕು, ಅದರ ಕೆಳಗೆ ಹಾಸ್ಟೆಲಿನ ಫೋನ್ ನಂಬರು. ಜಾಹೀರಾತನ್ನಾದರೂ ಮಡಚಿ ಪಕ್ಕಕ್ಕಿಡಬಹುದು, ಅದರ ಬೆನ್ನಿಗೇ ಬರುವ ಉಪದೇಶವನ್ನು ಮಡಚಿಡಲಾಗುವುದಿಲ್ಲ: ‘ಎರಡೇ ವರ್ಷ ಸ್ವಾಮಿ, ಸೈನ್ಸ್ ತಗೊಂಡ ಮೇಲೆ ಮಿಕ್ಕಿದ್ದೆಲ್ಲ ಬಂದ್.’ ಮಿಕ್ಕಿದ್ದೆಲ್ಲ ಅಂದರೆ ಮೊಬೈಲು, ಕ್ರಿಕೆಟ್ಟು ಮಾತ್ರವೆಂದು ತಿಳಿಯಬೇಡಿ. ಎಂಟನೇ ತರಗತಿಯಲ್ಲೇ ಜೂನಿಯರ್ ಸಂಗೀತ ಪರೀಕ್ಷೆ ಪಾಸು ಮಾಡಿದ ಹುಡುಗಿಯ ವೀಣೆ, ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗನ ಕೋಲುಗಳು, ಎಲ್ಲವೂ ಅಟ್ಟ ಸೇರಬೇಕು. ಇಷ್ಟು ಸಾಲದೆಂಬಂತೆ ಈಗ ಜಪಾನಿನ ಸಾಕ್ಷಿ ಬೇರೆ. ಅಲ್ಲಿನ ಮಕ್ಕಳನ್ನು ನೋಡಿ, ಎಂಥ ಶಿಸ್ತು, ಎಂಥ ಏಕಾಗ್ರತೆ! ಹೀಗೆ ಹೇಳುವವರು ಜಪಾನಿನ ವಿದ್ಯಾರ್ಥಿಯ ಒಂದು ದಿನವನ್ನಾದರೂ ಬೆಳಗಿನಿಂದ ಸಂಜೆಯವರೆಗೆ ಗಮನಿಸಿದ್ದರೆ ಆ ಸಾಕ್ಷಿಯನ್ನು ಕರೆಯುತ್ತಲೇ ಇರಲಿಲ್ಲ.

ಟೋಕಿಯೊದಿಂದ ಉತ್ತರಕ್ಕೆ ಸುಮಾರು 350 ಕಿಲೋಮೀಟರ್ ದೂರದ ಸೆಂಡಾಯ್ ನಗರವನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿ–ಧಾರವಾಡದ ಗಾತ್ರದ ಊರು, ಜನಸಂಖ್ಯೆ 11 ಲಕ್ಷದ ಆಸುಪಾಸು. ವಿಜ್ಞಾನಕ್ಕೆ ವಿಶೇಷ ಒತ್ತು ಕೊಡುವ ಶಾಲೆಗಳಿಗೆಂದು ಜಪಾನ್ ಸರ್ಕಾರ 2002ರಲ್ಲಿ ಆರಂಭಿಸಿದ ‘ಸೂಪರ್ ಸೈನ್ಸ್ ಹೈಸ್ಕೂಲ್’ ಯೋಜನೆಗೆ ಇಲ್ಲಿನ ಸೆಂಡಾಯ್ ತೃತೀಯ ಹೈಸ್ಕೂಲು ಸೇರಿದೆ. ಹೈಸ್ಕೂಲೆಂದರೆ ಅಲ್ಲಿ ನಮ್ಮ ಹತ್ತನೆಯ ತರಗತಿ ಮತ್ತು ಪಿಯುಸಿ ಸೇರಿದ ಮೂರು ವರ್ಷ. ಇಂಥ ಶಾಲೆಗಳಲ್ಲೂ ದಿನ ಸಾಗುವುದು ದೇಶದ ಮಿಕ್ಕ ಶಾಲೆಗಳಂತೆಯೇ: ಐವತ್ತು ನಿಮಿಷದ ಆರೇಳು ಪೀರಿಯಡ್ಡು, ಆಮೇಲೆ ಮಕ್ಕಳೇ ತರಗತಿ ಗುಡಿಸುವುದು, ಆಮೇಲೆ ಬುಕಾತ್ಸು, ಅಂದರೆ ಕ್ಲಬ್ಬು. ಮಧ್ಯಾಹ್ನ ರಸಾಯನಶಾಸ್ತ್ರದ ಟೈಟ್ರೇಶನ್ ಮಾಡಿದ ಕೈಗೆ ಸಂಜೆ ಕ್ಲಾರಿನೆಟ್ಟು. ಬ್ಯಾಂಡಿನವರ ಗುರಿ ಬೇಸಿಗೆಯ ಸ್ಪರ್ಧೆ. ಹೈಸ್ಕೂಲಿನ ದೊಡ್ಡ ವಿಭಾಗದಲ್ಲಿ ಹೆಚ್ಚೆಂದರೆ 55 ಮಂದಿ ವೇದಿಕೆಯೇರಬಹುದು, ನಿಗದಿತ ಕೃತಿಯೊಂದು, ಸ್ವಂತ ಆಯ್ಕೆಯದೊಂದು, ಎರಡೂ ಸೇರಿ 12 ನಿಮಿಷದೊಳಗೆ ಮುಗಿಯಬೇಕು. ಆ ಹನ್ನೆರಡು ನಿಮಿಷಕ್ಕೆ ವರ್ಷವಿಡೀ ಅಭ್ಯಾಸ. ಕೊನೆಯ ವರ್ಷದವರು ಬೇಸಿಗೆಯ ಸ್ಪರ್ಧೆ ಮುಗಿಸಿ ಕ್ಲಬ್ಬಿನಿಂದ ‘ನಿವೃತ್ತ’ರಾಗುತ್ತಾರೆ, ಪ್ರವೇಶ ಪರೀಕ್ಷೆ ಬರುವುದು ಜನವರಿ, ಫೆಬ್ರವರಿಯಲ್ಲಿ. ಲೆಕ್ಕ ಹಾಕಿ: ಬರೀ ಓದಿಗೆಂದು ಎತ್ತಿಟ್ಟದ್ದು ಅರ್ಧ ವರ್ಷ. ನಮ್ಮಲ್ಲಿ ಎರಡು ವರ್ಷ ಕೇಳುತ್ತಾರೆ, ಈಚೆಗೆ ‘ಫೌಂಡೇಶನ್’ ಹೆಸರಿನಲ್ಲಿ ಆರನೇ ತರಗತಿಗೇ ಕೈಹಾಕಿದ್ದಾರೆ.

ಅದೇ ಊರಿನ ತೋಹೊಕು ವಿಶ್ವವಿದ್ಯಾಲಯ 1907ರಲ್ಲಿ ಸ್ಥಾಪನೆಯಾದದ್ದು. 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಕೊಯಿಚಿ ತನಾಕಾ ಓದಿದ್ದು ಅಲ್ಲಿ, ಅದೂ ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಜರ್ಮನ್ ಭಾಷೆಯಲ್ಲಿ ಫೇಲಾಗಿ ಒಂದು ವರ್ಷ ಹೆಚ್ಚಿಗೆ ಕೂತವರು ಎಂಬುದನ್ನು ನಮ್ಮ ರ‍್ಯಾಂಕು ಮಾರಾಟಗಾರರ ಗಮನಕ್ಕೆ ತರಬೇಕು. 1960ರ ದಶಕದ ಕೊನೆಯಲ್ಲಿ ಅಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಕಜುಮಾಸಾ ಒಡಾ ಎಂಬ ವಿದ್ಯಾರ್ಥಿ ಶಾಲಾ ಗೆಳೆಯರೊಂದಿಗೆ ‘ಆಫ್ ಕೋರ್ಸ್’ ಎಂಬ ತಂಡ ಕಟ್ಟಿಕೊಂಡಿದ್ದ. 1969ರಲ್ಲಿ ಯಮಾಹಾ ಸಂಸ್ಥೆಯ ರಾಷ್ಟ್ರೀಯ ಸಂಗೀತ ಸ್ಪರ್ಧೆಯಲ್ಲಿ ಆ ತಂಡಕ್ಕೆ ಎರಡನೇ ಸ್ಥಾನ ಬಂತು. ಒಡಾ ಮುಂದೆ ವಸೇದಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿ, ಆಮೇಲೆ ಜಪಾನಿನ ಅತಿ ಜನಪ್ರಿಯ ಗಾಯಕರಲ್ಲಿ ಒಬ್ಬರಾದರು. ‘ನೋಡಿದಿರಾ, ಎಂಜಿನಿಯರ್ ಕೈತಪ್ಪಿ ಹೋದ!’ ಎಂದು ಈಗ ಯಾರಾದರೂ ಚಪ್ಪಾಳೆ ತಟ್ಟುವುದು ಖಚಿತ. ಸರಿ. ಆದರೆ ಅದೇ ತಂಡದಲ್ಲಿದ್ದ ಇನ್ನೊಬ್ಬ ಗೆಳೆಯ ವಾಸ್ತುಶಿಲ್ಪವನ್ನೇ ಆರಿಸಿಕೊಂಡು ಸಂಗೀತ ಬಿಟ್ಟ. ಇಬ್ಬರೂ ಎರಡನ್ನೂ ಹಲವು ವರ್ಷ ಮಾಡಿ ನೋಡಿ, ವಯಸ್ಸಿಗೆ ಬಂದ ಮೇಲೆ, ತಮಗೆ ಬೇಕಾದ್ದನ್ನು ತಾವೇ ಆಯ್ದುಕೊಂಡರು. ನಮ್ಮಲ್ಲಿ ಈ ಆಯ್ಕೆಯನ್ನು ಹದಿನೈದರ ಮಗುವಿನ ಪರವಾಗಿ ಕಾಲೇಜಿನ ಅಡ್ಮಿಶನ್ ಕೌಂಟರು ಮಾಡುತ್ತದೆ.

ಆದರೆ ಖ್ಯಾತನಾಮರನ್ನು ಮುಂದೆ ಮಾಡಿ ವಾದ ಗೆಲ್ಲುವುದು ಸುಲಭ, ಅದು ಪುರಾವೆಯಲ್ಲ. ಸಾಧಾರಣ ಮಕ್ಕಳ ಲೆಕ್ಕವೇ ಮುಖ್ಯ. ದೇಶದೇಶಗಳ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಪರೀಕ್ಷೆಯ 2022ರ ಸುತ್ತಿನಲ್ಲಿ ಜಪಾನಿನ 15ರ ಹರೆಯದ ಮಕ್ಕಳ ವಿಜ್ಞಾನದ ಸರಾಸರಿ 547. ಅದನ್ನು ನಡೆಸುವ ಒಇಸಿಡಿ ಕೂಟದ ದೇಶಗಳ ಸರಾಸರಿ 485. ಅವರಿಗಿಂತ ಮುಂದಿದ್ದುದು ಸಿಂಗಪುರ ಒಂದೇ. ನಾವು 2009ರ ಸುತ್ತಿನಲ್ಲಿ ಎರಡು ರಾಜ್ಯಗಳನ್ನು ಕಳಿಸಿ, ಪಟ್ಟಿಯ ತಳದಲ್ಲಿ ಕಂಡು, ಮತ್ತೆ ಆ ಕಡೆ ತಲೆ ಹಾಕಿಲ್ಲ. ಬ್ಯಾಂಡು ಬಾರಿಸಿದ್ದರಿಂದಲೇ 547 ಬಂತು ಎಂದು ಹೇಳುವಷ್ಟು ಮೂರ್ಖತನ ಈ ಅಂಕಣಕ್ಕಿಲ್ಲ. ಸಂಗೀತದಿಂದ ಬುದ್ಧಿ ಚುರುಕಾಗುತ್ತದೆ ಎಂಬ ಅಗ್ಗದ ವ್ಯಾಪಾರವೂ ಬೇಡ. 1993ರಲ್ಲಿ ಬೆರಳೆಣಿಕೆಯ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗದಿಂದ ಹುಟ್ಟಿದ ‘ಮೊಜಾರ್ಟ್ ಪರಿಣಾಮ’ದ ಗುಳ್ಳೆ ಒಡೆದು ಎಷ್ಟೋ ಕಾಲವಾಯಿತು. ಸಂಶೋಧಕರಾದ ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೊಬೆ 2020ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಸಂಗೀತ ಕಲಿಕೆಯಿಂದ ಅಂಕ ಏರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದರು. ಒಪ್ಪೋಣ. ಆದರೆ ಅದೇ ನಾಣ್ಯವನ್ನು ತಿರುಗಿಸಿ ನೋಡಿ: ಸಂಗೀತ ಬಿಟ್ಟರೆ ಅಂಕ ಏರುತ್ತದೆ ಎನ್ನಲು ಆಧಾರವೆಲ್ಲಿದೆ? ವೀಣೆಯಿಂದ ಕಿತ್ತ ಗಂಟೆ ತಾನೇತಾನಾಗಿ ಭೌತಶಾಸ್ತ್ರಕ್ಕೆ ಜಮೆಯಾಗುತ್ತದೆ ಎಂಬುದನ್ನು ಯಾರು, ಎಲ್ಲಿ, ಯಾವಾಗ ಸಾಬೀತು ಮಾಡಿದರು? ಮಗುವಿನಿಂದ ಏನನ್ನಾದರೂ ಕಿತ್ತುಕೊಳ್ಳುವವನು ಪುರಾವೆ ಕೊಡಬೇಕು, ಕಳೆದುಕೊಳ್ಳುವ ಮಗು ಕೊಡಬೇಕಾಗಿಲ್ಲ.

ಜಪಾನಿನದು ಸ್ವರ್ಗವಲ್ಲ ಎಂಬ ಆಕ್ಷೇಪ ನಿಜವೇ. ಜುಕು ಎಂಬ ಟ್ಯೂಷನ್ ಅಂಗಡಿಗಳು ಅಲ್ಲೂ ಇವೆ. ಕ್ಲಬ್ಬುಗಳೂ ಕ್ರೂರವಾಗಬಲ್ಲವು, ಶನಿವಾರವಿಲ್ಲ, ಭಾನುವಾರವಿಲ್ಲ, ಬೆಳಗಿನ ಅಭ್ಯಾಸ ಬೇರೆ. ಕೊನೆಗೆ 2018ರಲ್ಲಿ ಸರ್ಕಾರವೇ ಮಾರ್ಗಸೂಚಿ ತರಬೇಕಾಯಿತು: ವಾರಕ್ಕೆ ಎರಡು ದಿನವಾದರೂ ಬಿಡುವು, ಶಾಲೆಯಿರುವ ದಿನ ಸುಮಾರು ಎರಡು ಗಂಟೆ, ರಜೆಯ ದಿನ ಮೂರು. ಇದರ ಭಾರ ಹೊತ್ತವರು ಮೇಷ್ಟ್ರುಗಳು. ಅದೇ ವರ್ಷದ ಒಇಸಿಡಿ ಸಮೀಕ್ಷೆಯಲ್ಲಿ ಜಪಾನಿನ ಕಿರಿಯ ಪ್ರೌಢಶಾಲಾ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು, ಅದರಲ್ಲಿ ಏಳೂವರೆ ಗಂಟೆ ಪಠ್ಯೇತರ ಚಟುವಟಿಕೆಗೆ. ಕಿರಿಯ ಪ್ರೌಢಶಾಲೆಗಳ ಕ್ಲಬ್ಬುಗಳನ್ನು 2026ರಿಂದ ಶಾಲೆಯಿಂದ ಹೊರತಂದು ಸಮುದಾಯಕ್ಕೆ ಒಪ್ಪಿಸುವ ನಿರ್ಧಾರವನ್ನು ಕೋಬೆ ನಗರ ಮಾಡಿದ್ದಕ್ಕೆ ಈ ದಣಿವೂ ಒಂದು ಕಾರಣ. ಆದ್ದರಿಂದ ಬುಕಾತ್ಸುವನ್ನು ಹಾಗೇ ಹಡಗಿನಲ್ಲಿ ತಂದಿಳಿಸಿ ಎಂದು ಯಾರೂ ಕೇಳುತ್ತಿಲ್ಲ. ಎರಡು ದೇಶಗಳ ಸರ್ಕಾರಗಳು ಯಾವುದಕ್ಕೆ ಮೂಗುದಾರ ಹಾಕಬೇಕಾಯಿತು ಎಂಬುದನ್ನು ಮಾತ್ರ ನೋಡಿ. ಅಲ್ಲಿ ಬ್ಯಾಂಡಿಗೆ, ಟೆನಿಸ್ಸಿಗೆ. ಇಲ್ಲಿ 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಕೋಚಿಂಗ್ ಕೇಂದ್ರಗಳಿಗೆ: ಹದಿನಾರು ತುಂಬದವರನ್ನು ಸೇರಿಸಿಕೊಳ್ಳಬೇಡಿ, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಮಾಡಬೇಡಿ. ಅದನ್ನು ಎಷ್ಟು ಮಂದಿ ಓದಿದ್ದಾರೋ, ಆರನೇ ತರಗತಿಯ ‘ಫೌಂಡೇಶನ್’ ಬ್ಯಾಚಿನ ಪೋಷಕರು ವಿಚಾರಿಸಿಕೊಳ್ಳಲಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು: ಅಲ್ಲಿ ಮಕ್ಕಳ ಸಂಖ್ಯೆಯೇ ಕುಸಿಯುತ್ತಿದೆ, ಇಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಎಂಬಿಬಿಎಸ್ ಸೀಟಿಗೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆಯುತ್ತಾರೆ, ವೀಣೆ ಹಿಡಿದು ಕೂರುವ ಐಷಾರಾಮ ಯಾರಿಗಿದೆ? ಈ ಲೆಕ್ಕವನ್ನೇ ಕೊನೆಯವರೆಗೆ ಮಾಡಿ. 20 ಲಕ್ಷ ಮಕ್ಕಳೂ ನಾಳೆಯೇ ಸಂಗೀತ, ಆಟ, ನಾಟಕ ಬಿಟ್ಟರೆ ಸೀಟು ಎಷ್ಟಾಗುತ್ತದೆ? ಅಷ್ಟೇ ಇರುತ್ತದೆ. ಒಂದೇ ಒಂದು ಸೀಟೂ ಹೆಚ್ಚುವುದಿಲ್ಲ. ಎಲ್ಲರೂ ಒಂದೊಂದು ಗಂಟೆ ಹೆಚ್ಚು ಓದಿದರೆ ಕಟ್‌ಆಫ್ ಮೇಲೇರುತ್ತದೆ, ಸಾಲಿನ ಉದ್ದ ಹಾಗೇ ಉಳಿಯುತ್ತದೆ, ಲಾಭ ಸೇರುವುದು ಗಂಟೆ ಮಾರುವವನ ಗಲ್ಲಾಪೆಟ್ಟಿಗೆಗೆ. ‘ಹಾಗೆಂದು ನನ್ನ ಮಗಳೊಬ್ಬಳೇ ಯಾಕೆ ನಷ್ಟ ಮಾಡಿಕೊಳ್ಳಬೇಕು?’ ಎಂಬ ತಾಯಿಯ ಪ್ರಶ್ನೆ ಸಾಚಾ ಪ್ರಶ್ನೆಯೇ. ಅದಕ್ಕೆ ಒಂಟಿ ಮನೆಯಲ್ಲಿ ಉತ್ತರವಿಲ್ಲ. ಉತ್ತರವಿರುವುದು ವೇಳಾಪಟ್ಟಿಯಲ್ಲಿ. ಸೆಂಡಾಯಿನ ಹುಡುಗಿ ಸಂಜೆ ಕ್ಲಾರಿನೆಟ್ ಹಿಡಿಯುವುದು ಅವಳ ಮನೆಯವರು ಎದೆಗಾರರಾದ್ದರಿಂದಲ್ಲ, ಆ ಹೊತ್ತಿಗೆ ಅವಳ ಪ್ರತಿಸ್ಪರ್ಧಿಗಳಲ್ಲಿ ಬಹಳಷ್ಟು ಮಂದಿ ಮೈದಾನದಲ್ಲೋ, ಬ್ಯಾಂಡ್ ಕೋಣೆಯಲ್ಲೋ ಇರುವುದರಿಂದ. ಕೋಣೆ, ವಾದ್ಯ ಎರಡೂ ಶಾಲೆಯಲ್ಲೇ ಇರುವುದರಿಂದ ಬಡವರ ಮನೆಯ ಮಗುವಿನ ಕೈಗೂ ಟ್ರಾಂಬೋನು ಸಿಗುತ್ತದೆ. ನಮ್ಮಲ್ಲಿ ಬಡವರ ಹೆಸರು ಹೇಳಿ ಸಂಗೀತ ನಿಲ್ಲಿಸುವವರು, ಕೋಚಿಂಗ್ ಶುಲ್ಕ ವಸೂಲಿಗೆ ಕೂತಾಗ ಆ ಬಡವರನ್ನು ನೆನೆಯುವುದಿಲ್ಲ.

ಇದು ನಮ್ಮ ನೆಲಕ್ಕೆ ಒಗ್ಗದ ಗಿಡವೇನೂ ಅಲ್ಲ. ಸಿ.ವಿ. ರಾಮನ್ 1934ರಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಪ್ರಬಂಧ ಬರೆದದ್ದು ಮೃದಂಗ, ತಬಲಾಗಳ ನಾದದ ಮೇಲೆ: ಮುಚ್ಚಿಗೆಯ ನಡುವೆ ಮೆತ್ತಿದ ಕಪ್ಪು ಕರಣೆ ಚರ್ಮದ ಕಂಪನವನ್ನು ಹೇಗೆ ಸ್ವರಬದ್ಧ ಮಾಡುತ್ತದೆ ಎಂಬುದು ಅವರಿಗೆ ಅಪ್ಪಟ ಭೌತಶಾಸ್ತ್ರದ ಪ್ರಶ್ನೆಯಾಗಿತ್ತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಪೋಖರಣ್‌ನ ಮೊದಲ ಅಣುಪರೀಕ್ಷೆಯ ತಂಡವನ್ನು ಮುನ್ನಡೆಸಿದವರು, ಪಿಯಾನೊ ನುಡಿಸುವುದನ್ನು ಬಿಡಲಿಲ್ಲ, ರಾಗ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಕುರಿತು ಪುಸ್ತಕವನ್ನೇ ಬರೆದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ–ವಿಜ್ಞಾನಗಳ ನಡುವೆ, ಪಠ್ಯ–ಪಠ್ಯೇತರಗಳ ನಡುವೆ ಗೋಡೆ ಬೇಡ ಎಂದು ಕಾಗದದ ಮೇಲೆ ಹೇಳಿದೆ. ನಮ್ಮ ಪಿಯು ಪರೀಕ್ಷೆಯ ವೇಳಾಪಟ್ಟಿಯಲ್ಲಿ ಹಿಂದೂಸ್ತಾನಿ ಸಂಗೀತವೂ ಒಂದು ವಿಷಯ; ಭೌತಶಾಸ್ತ್ರದ ಜೊತೆ ಅದನ್ನು ಕೇಳಿದ ಹುಡುಗನನ್ನು ಕೌಂಟರಿನಲ್ಲಿ ಹೇಗೆ ನೋಡುತ್ತಾರೆಂಬುದು ಬೇರೆ ಮಾತು. ಇಷ್ಟಾದರೂ ಇದೇ ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ಸಂಗೀತಕ್ಕೆ ಬರವಿಲ್ಲ, ಹೊರಗಿನಿಂದ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಗಾಯಕ ರಘು ದೀಕ್ಷಿತ್ ಸಿಕ್ಕರಂತೂ ಆಡಳಿತ ಮಂಡಳಿಗೆ ಹಬ್ಬ. ಮೈಸೂರು ವಿಶ್ವವಿದ್ಯಾಲಯದ ಮೈಕ್ರೋಬಯಾಲಜಿ ಎಂಎಸ್ಸಿಯಲ್ಲಿ ಚಿನ್ನದ ಪದಕ ಪಡೆದ, ವಿದ್ಯಾರ್ಥಿಯಾಗಿದ್ದಾಗಲೇ ಗಿಟಾರ್ ಕಲಿತ ಈ ಮನುಷ್ಯ ಹದಿನಾರರ ಹುಡುಗನಾಗಿ ಅದೇ ಕಾಲೇಜಿನ ಹಾಸ್ಟೆಲಿಗೆ ಬಂದಿದ್ದರೆ, ಗಿಟಾರನ್ನು ಗೇಟಿನಲ್ಲೇ ಇಳಿಸಿಕೊಂಡು ರಸೀದಿ ಕೊಡುತ್ತಿದ್ದರು.