ಮೀನು ಬಿಟ್ಟು ಬದುಕುವವರು

ಅಮೆರಿಕದ ಫ್ಲೋರಿಡಾ ಕೀಸ್‌ನಲ್ಲಿ ಮೊಣಕಾಲುದ್ದದ ಉಪ್ಪುನೀರಲ್ಲಿ ಗಾಳ ಹಾಕಿಸುವ ಗೈಡ್‌ಗಳಿದ್ದಾರೆ. ಎಂಜಿನ್ ನಿಲ್ಲಿಸಿ, ಉದ್ದ ಕೋಲಿನಿಂದ ದೋಣಿ ನೂಕುತ್ತಾ, ಗಿರಾಕಿಗೆ ಮೀನು ತೋರಿಸೋದು ಇವರ ಕೆಲಸ. ಬೋನ್‌ಫಿಶ್ ಸಿಕ್ಕರೂ ವಾಪಸ್ ಬಿಡಲೇಬೇಕು. 2013ರಿಂದ ಅಲ್ಲಿ ಅದೇ ಕಾನೂನು. ಅಂದ್ರೆ ಇವರು ಮಾರೋದು ಮೀನಲ್ಲ, ಉಬ್ಬರ-ಇಳಿತ, ಗಾಳಿ, ತಳದ ಹುಲ್ಲು ಬಲ್ಲ ತಿಳಿವಳಿಕೆ.

2015ರಲ್ಲಿ ಮಳೆ ಕೈಕೊಟ್ಟು, ಫ್ಲೋರಿಡಾ ಕೊಲ್ಲಿಗೆ ಸಿಹಿನೀರು ಸಾಲದೆ ಉಪ್ಪು ಏರಿತು; ಸಾವಿರಾರು ಎಕರೆ ಕಡಲಹುಲ್ಲು ಸತ್ತಿತು. ಹುಲ್ಲಿಲ್ಲದಿದ್ರೆ ಸಿಗಡಿ, ಏಡಿ ಇಲ್ಲ. ಅವಿಲ್ಲದಿದ್ರೆ ಮೀನಿಲ್ಲ, ಗಿರಾಕಿಯೂ ಇಲ್ಲ. 2016ರಲ್ಲಿ ದಕ್ಷಿಣ ಫ್ಲೋರಿಡಾದ ಗೈಡ್‌ಗಳೇ ಸಂಘ ಕಟ್ಟಿ ನೀರಿಗಾಗಿ ದನಿ ಎತ್ತಿದರು.

ನಮ್ಮ ಹೊಲವೂ ಹಾಗೇ ಕಣ್ರೀ. ಬೆಳೆ ನೋಡಿದ್ರೆ ಸಾಲದು. ಬುಡದ ಮಣ್ಣಲ್ಲಿ ಏನು ಸಾಯ್ತಿದೆ ಅಂತಾನೂ ನೋಡಿ. ಸತ್ತ ಮೇಲೆ ಒಬ್ಬೊಬ್ಬರೇ ಅಳೋದಕ್ಕಿಂತ, ಮೊದಲೇ ಊರವರು ಸೇರಿ ಮಾತಾಡೋದು ಮೇಲು.